ವರಾಹವೋ, ಪಗೋಡವೋ?

ಹಳೆಯ ನಾಣ್ಯಗಳ ಸಂಗ್ರಾಹಕರಲ್ಲಿ ತೀರದ ವಾದವೊಂದುಂಟು. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ಚಿನ್ನದ ನಾಣ್ಯವನ್ನು ಏನೆಂದು ಕರೆಯಬೇಕು? ಪಗೋಡ ಎನ್ನುವವರಿಗೆ ಇಂಗ್ಲಿಷ್ ನಾಣ್ಯಸೂಚಿಗಳ ಬೆಂಬಲವಿದೆ. ಪೋರ್ಚುಗೀಸರು ದೇಗುಲಕ್ಕೂ ವಿಗ್ರಹಕ್ಕೂ ಬಳಸುತ್ತಿದ್ದ ಮಾತು ಅದು; ಮುಂದೆ ನಾಣ್ಯಕ್ಕೂ ಅಂಟಿತು. ನಮ್ಮ ಜನ ಅಂದದ್ದು ಹೊನ್ನು, ವರಾಹ ಎಂದೇ.

ವರಾಹವೆಂಬುದಕ್ಕೂ ಆಕ್ಷೇಪವಿದೆ. ಕೃಷ್ಣದೇವರಾಯನ ಹೆಸರಾಂತ ನಾಣ್ಯದ ಮೇಲಿರುವುದು ಬಾಲಕೃಷ್ಣ, ಅದರಲ್ಲಿ ವರಾಹವೆಲ್ಲಿ? ಪ್ರಶ್ನೆ ನ್ಯಾಯವಾದುದೇ. ಆ ಹೆಸರಿನ ಮೂಲವನ್ನು ವಿದ್ವಾಂಸರು ಚಾಲುಕ್ಯರ ವರಾಹಲಾಂಛನದಲ್ಲಿ ಗುರುತಿಸುತ್ತಾರೆ. ವಂಶ ಅಳಿಯಿತು, ಚಿತ್ರ ಬದಲಾಯಿತು. ಜನ ಮಾತ್ರ ಹೆಸರನ್ನು ಬಿಡಲಿಲ್ಲ.

ರೂಢಿಯ ಈ ಬಲವನ್ನು ಅರಸರೂ ಅರಿತಿದ್ದಿರಬೇಕು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಇಕ್ಕೇರಿಯ ನಾಣ್ಯದಲ್ಲಿದ್ದ ಶಿವಪಾರ್ವತಿಯರನ್ನು ತನ್ನ ಹೊನ್ನಿನಲ್ಲಿಯೂ ಉಳಿಸಿಕೊಂಡನು. ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಒತ್ತಿಸಿದನು.

ನನ್ನ ಮತ ಇಷ್ಟು. ಸೂಚಿಗಳಲ್ಲಿ ಪಗೋಡ ಇರಲಿ. ಪರದೇಶದ ವರ್ತಕರ ಲೆಕ್ಕಪತ್ರಗಳಲ್ಲಿ ಸೇರಿಹೋದ ಆ ಹೆಸರೂ ಚರಿತ್ರೆಯೇ. ಕನ್ನಡದಲ್ಲಿ ಬರೆಯುವವರಾದರೂ ವರಾಹವೆನ್ನಲಿ. ಆ ಚಿನ್ನ ಎಷ್ಟೋ ಕರಗಿ ಒಡವೆಯಾಗಿದೆ. ಅದನ್ನು ಎಣಿಸಿದವರ ಮಾತಾದರೂ ಕರಗದಿರಲಿ.