ಮಾಂಟೆಸ್ಸೊರಿಯ ಶಾಂತಿ ಶಿಕ್ಷಣ: ತರಗತಿ ಮೊದಲೋ, ತತ್ವ ಮೊದಲೋ?

ಶಾಂತಿ ಶಿಕ್ಷಣದ ಚರಿತ್ರೆಯಲ್ಲಿ ಮಾರಿಯಾ ಮಾಂಟೆಸ್ಸೊರಿ (1870–1952) ಅವರ ಅಧ್ಯಾಯ ಸಾಮಾನ್ಯವಾಗಿ 1930ರ ದಶಕದಿಂದ ಶುರುವಾಗುತ್ತದೆ. 1932ರಲ್ಲಿ ಜಿನೀವಾದಲ್ಲಿ, 1936ರಲ್ಲಿ ಬ್ರಸೆಲ್ಸ್‌ನಲ್ಲಿ, 1937ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು 1949ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷದಿಂದ ಮೊದಲ್ಗೊಂಡು ಮೂರು ವರ್ಷ ಅವರ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿತವಾಯಿತು. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಈ ಕಾಲಕ್ರಮದಿಂದ ಹೊರಡಿಸುವ ತೀರ್ಮಾನದ ಬಗ್ಗೆ. 1907ರ ‘ಮಕ್ಕಳ ಮನೆ’ ಒಂಟಿ ಮಗುವಿನ ಕಲಿಕೆಗೆ ಕಟ್ಟಿದ್ದು, ಶಾಂತಿಯ ಮಾತು ಮುಸೊಲಿನಿಯ ಸಂಗ ಹಳಸಿದ ಮೇಲೆ ಅದಕ್ಕೆ ಅಂಟಿಸಿದ್ದು ಎಂಬುದು ಆ ತೀರ್ಮಾನ. ಇದರ ಮೊದಲ ಅರ್ಧ ತಪ್ಪು, ಎರಡನೆಯ ಅರ್ಧ ತುಸು ನಿಜ ಎಂಬುದು ಈ ಲೇಖನದ ವಾದ.

ಹಿಂದಿನ ಚರ್ಚೆಯನ್ನು ಬೇಗ ದಾಟಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ರೋಮಿನ ಶಾಲೆಗಳನ್ನು ಸ್ವತಃ ನೋಡಿ ಬಂದು 1914ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕ ಅಮೆರಿಕದಲ್ಲಿ ಮಾಂಟೆಸ್ಸೊರಿ ಉತ್ಸಾಹಕ್ಕೆ ತಣ್ಣೀರೆರಚಿತು. ಮಕ್ಕಳಿಗೆ ಅಲ್ಲಿ ಸಿಗುವ ಸ್ವಾತಂತ್ರ್ಯವನ್ನೂ ನಿತ್ಯಜೀವನದ ಕೆಲಸಗಳನ್ನೂ ಅವರು ಮೆಚ್ಚಿದರು. ಪರಿಕರಗಳ ಹಿಂದಿನ ಮನಶ್ಶಾಸ್ತ್ರ ಐವತ್ತು ವರ್ಷ ಹಳೆಯದೆಂದರು. ಮಕ್ಕಳು ತಾವಾಗಿ ಕೂಡಿ ಕೆಲಸ ಮಾಡಲು ಅಲ್ಲಿ ಸಾಕಷ್ಟು ಆಸ್ಪದವಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು. ಮರುವರ್ಷ ಜಾನ್ ಡ್ಯೂಯಿ ಮತ್ತು ಇವೆಲಿನ್ ಡ್ಯೂಯಿ ಇದೇ ಜಾಡಿನಲ್ಲಿ, ತುಸು ಸೌಮ್ಯವಾಗಿ, ಪರಿಕರಗಳ ಇಕ್ಕಟ್ಟನ್ನು ಟೀಕಿಸಿದರು. ರೀಟಾ ಕ್ರೇಮರ್ 1976ರಲ್ಲಿ ಬರೆದ ಜೀವನಚರಿತ್ರೆ ವ್ಯಕ್ತಿಯ ಏಳುಬೀಳುಗಳನ್ನು ವಿಸ್ತಾರವಾಗಿ ಹೇಳಿತು. ಹೆಲೆನ್ ಲೇಂಡರ್ಸ್ 2001ರ ಜರ್ಮನ್ ಗ್ರಂಥದಲ್ಲಿ ಫ್ಯಾಸಿಸ್ಟ್ ಇಟಲಿಯೊಡನೆ ಈ ಪದ್ಧತಿಗಿದ್ದ ನಂಟನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರು. ಲೇಂಡರ್ಸ್ ಅವರನ್ನು ಓದಿದ ಮೇಲೆ ಮಾಂಟೆಸ್ಸೊರಿಯನ್ನು ಹುಟ್ಟಾ ಶಾಂತಿದೂತೆ ಎಂದು ಬಣ್ಣಿಸುವ ಸ್ಮರಣ ಸಂಚಿಕೆಯ ಗದ್ಯವನ್ನು ಓದುವುದು ಕಷ್ಟ.

ವಿವಾದದ ಬಿಂದು ಒಂದೇ. ತರಗತಿಯಲ್ಲಿ ಸಮುದಾಯ ಜೀವನ ಎಂಬುದು ಎಲ್ಲಿದೆ? ಕಿಲ್‌ಪ್ಯಾಟ್ರಿಕ್ ಅದನ್ನು ಹುಡುಕಿದ್ದು ನಾಲ್ಕು ಮಕ್ಕಳು ಸೇರಿ ಏನಾದರೂ ಕಟ್ಟುವ ಕಡೆ. ಅಲ್ಲಿ ಅದು ಹೆಚ್ಚು ಕಾಣದಿರುವುದು ಸಹಜ. ಒಂದು ಚಾಪೆಯ ಮೇಲೆ ಒಂದು ಮಗು ಹತ್ತು ಗುಲಾಬಿ ಘನಗಳನ್ನು ಪೇರಿಸುತ್ತಿರುತ್ತದೆ. ಪಕ್ಕದ ಚಾಪೆಯಲ್ಲಿ ಇನ್ನೊಂದು ಮಗು ಉರುಳೆಗಳನ್ನು ತಮ್ಮ ತಮ್ಮ ಗುಳಿಗಳಿಗೆ ಸೇರಿಸುತ್ತಿರುತ್ತದೆ. ಇಬ್ಬರಿಗೂ ಮಾತಿಲ್ಲ. ಆದರೆ ಮೂರನೆಯ ಮಗುವೊಂದು ಬಂದು ಗುಲಾಬಿ ಗೋಪುರದ ಬಳಿ ನಿಂತಿದೆಯಲ್ಲ, ನನ್ನ ಪ್ರಕಾರ ನೋಡಬೇಕಾದದ್ದು ಅದನ್ನು. ಕೋಣೆಯಲ್ಲಿ ಇರುವುದು ಒಂದೇ ಗೋಪುರ. ಮೊದಲು ತೆಗೆದುಕೊಂಡವರು ಸಾಕೆನಿಸುವವರೆಗೆ ಇಟ್ಟುಕೊಳ್ಳಬಹುದು, ಆಮೇಲೆ ಕಪಾಟಿನಲ್ಲಿ ಅದರ ಜಾಗಕ್ಕೇ ಮರಳಿಸಬೇಕು. ನಿಂತ ಮಗು ಕಾಯಬೇಕು, ಇಲ್ಲವೇ ಬೇರೆ ಕೆಲಸ ಹುಡುಕಬೇಕು.

ಈ ವ್ಯವಸ್ಥೆಯ ಸಾಮಾಜಿಕ ಫಲವನ್ನು ಮಾಂಟೆಸ್ಸೊರಿ ನೇರವಾಗಿ ವಿವರಿಸುವುದು ‘ದಿ ಅಬ್ಸಾರ್ಬೆಂಟ್ ಮೈಂಡ್’ ಪುಸ್ತಕದಲ್ಲಿ. ಅಲ್ಲಿ ತಾಳ್ಮೆಯನ್ನೂ ಪರರ ಕೆಲಸದ ಬಗೆಗಿನ ಗೌರವವನ್ನೂ ಉಪದೇಶದ ಫಲವಾಗಿ ಕಾಣದೆ, ದಿನವೂ ಎದುರಾಗುವ ಈ ವಾಸ್ತವದ ಫಲವಾಗಿ ಕಾಣಲಾಗಿದೆ. ಆದರೆ ಆ ಪುಸ್ತಕ ಅಹಮದಾಬಾದಿನ ಉಪನ್ಯಾಸಗಳಿಂದ ಹುಟ್ಟಿ 1949ರಲ್ಲಿ ಮದ್ರಾಸಿನಲ್ಲಿ ಅಚ್ಚಾದದ್ದು. ಇಂದು ಹೆಚ್ಚಾಗಿ ಓದುವ 1958ರ ಇಂಗ್ಲಿಷ್ ಪಾಠಕ್ಕೆ ಆಧಾರ, ಅವರೇ ತಿದ್ದಿ ಬರೆದ 1952ರ ಇಟಾಲಿಯನ್ ಪಾಠ. 1907ಕ್ಕೂ ಇದಕ್ಕೂ ನಾಲ್ಕು ದಶಕಗಳ ಅಂತರ. ಎದುರುಪಕ್ಷದವರು ಕೇಳಬಹುದಾದ ಪ್ರಶ್ನೆ ನ್ಯಾಯವಾದದ್ದು: ಮುಪ್ಪಿನಲ್ಲಿ ಕೊಟ್ಟ ವ್ಯಾಖ್ಯಾನವನ್ನು ಆರಂಭದ ಉದ್ದೇಶವೆಂದು ಹೇಗೆ ಓದುತ್ತೀರಿ?

ಉದ್ದೇಶವೆಂದು ನಾನು ಓದುತ್ತಿಲ್ಲ. 1914ರಲ್ಲಿ, ಕಿಲ್‌ಪ್ಯಾಟ್ರಿಕ್ ಅವರ ಪುಸ್ತಕ ಬಂದ ವರ್ಷವೇ, ಮಾಂಟೆಸ್ಸೊರಿ ಪ್ರಕಟಿಸಿದ ಕೈಪಿಡಿಯಲ್ಲಿ ಇಂದ್ರಿಯ ಶಿಕ್ಷಣದ ಪರಿಕರಗಳ ಪಟ್ಟಿಯೊಂದಿದೆ. ಈ ಪಟ್ಟಿಯನ್ನು ಸಮುದಾಯ ಜೀವನದ ಸಾಕ್ಷ್ಯವಾಗಿ ಓದಬಹುದೆಂದು ನನ್ನ ಸೂಚನೆ. ಅದರಲ್ಲಿ ಎಲ್ಲವೂ ಒಂದೊಂದೇ ಇಲ್ಲ. ಬಣ್ಣದ ಫಲಕಗಳ ಪೆಟ್ಟಿಗೆ ಎರಡಿವೆ, ಒಂದೊಂದರಲ್ಲೂ 64 ಫಲಕ. ಗಂಟೆಗಳದ್ದೂ ಎರಡು ಸಾಲು. ಹೀಗೆ ಇಮ್ಮಡಿಯಾದವು ಯಾವುವು ಎಂದು ನೋಡಿದರೆ ಜೋಡಿ ಹುಡುಕುವ ಆಟಕ್ಕೆ ಬೇಕಾದವು. ಒಂದೇ ಬಣ್ಣದ, ಒಂದೇ ಸ್ವರದ ಎರಡು ವಸ್ತು ಇಲ್ಲದೆ ಆ ಆಟ ಸಾಗದು. ಘನಗಳು, ಕೋಲುಗಳು, ಪಟ್ಟಕಗಳಿಗೆ ಜೋಡಿಯ ಅಗತ್ಯವಿಲ್ಲ, ಅವು ಇಮ್ಮಡಿಯಾಗಿಯೂ ಇಲ್ಲ. ಅಂದರೆ ವಸ್ತುವನ್ನು ಎರಡು ಮಾಡಿದ್ದು ಒಂದು ಮಗುವಿನ ಅಭ್ಯಾಸಕ್ಕೆ ಬೇಕೆಂದು. ಎರಡು ಮಕ್ಕಳು ಒಟ್ಟಿಗೆ ಬಯಸಬಹುದೆಂಬ ಕಾರಣಕ್ಕೆ ಏನನ್ನೂ ಎರಡು ಮಾಡಿದಂತೆ ತೋರುವುದಿಲ್ಲ.

ಇದನ್ನು ಎಷ್ಟು ದೂರ ಎಳೆಯಬಹುದು? ಹೆಚ್ಚು ದೂರವಲ್ಲ. ಕೈಪಿಡಿಯ ಪಟ್ಟಿ ವಸ್ತುಗಳ ಬಗೆಗಳನ್ನು ಹೇಳುತ್ತದೆ. ಶಾಲೆಯೊಂದು ಎರಡು ಜೊತೆ ಕೊಳ್ಳಬಾರದೆಂಬ ವಿಧಿ ಅಲ್ಲಿಲ್ಲ. ಮೇಲಾಗಿ ಈ ಒಂಟಿತನಕ್ಕೆ ತೀರ ಸಾಮಾನ್ಯವಾದ ಕಾರಣಗಳಿವೆ. ಸ್ಯಾನ್ ಲೊರೆಂಜೊ ರೋಮಿನ ಬಡ ಕೂಲಿಕಾರರ ವಠಾರ. 1907ರ ಜನವರಿ 6ರಂದು ಅಲ್ಲಿ ಶುರುವಾದ ಮೊದಲ ಮಕ್ಕಳ ಮನೆಯನ್ನು ನಡೆಸಿದ್ದು ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ಒಂದು ಸಂಸ್ಥೆ. ಸುಮಾರು 50 ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. ಇನ್ನು ಪರಿಕರಗಳ ವಂಶ ಹಿಡಿದು ಹೋದರೆ ಇತಾರ್ ಮತ್ತು ಸೆಗ್ವಾಂ ಎಂಬ ಫ್ರೆಂಚ್ ವೈದ್ಯರು ಸಿಗುತ್ತಾರೆ. ಬುದ್ಧಿಮಾಂದ್ಯ ಮಕ್ಕಳ ಎದುರು ಒಬ್ಬ ವೈದ್ಯ ಕೂತು ಬಳಸುವ ವಸ್ತು ಒಂದೇ ಇದ್ದರೆ ಸಾಕಲ್ಲ. ಆದ್ದರಿಂದ ನಾನು ಹೇಳಬಯಸುವುದು ಇಷ್ಟೇ. ಒಂದು ಬಗೆಗೆ ಒಂದೇ ವಸ್ತು ಎಂಬ ಏರ್ಪಾಡು ಬಹುಶಃ ಬಡತನದಿಂದ ಮತ್ತು ವೈದ್ಯಕೀಯ ಪರಂಪರೆಯಿಂದ ಬಂದದ್ದು. ಆದರೆ ಅದು ತರಗತಿಯೊಳಗೆ ಬಂದ ಕ್ಷಣದಿಂದ ಮಕ್ಕಳ ನಡುವೆ ಕೆಲಸ ಮಾಡತೊಡಗಿತು. ತತ್ವ ಅದಕ್ಕೆ ಹೆಸರಿಟ್ಟದ್ದು ಬಹಳ ತಡವಾಗಿ.

ಇದು ಬರೀ ಕಾಯುವಿಕೆಯ ವಿಚಾರವೂ ಅಲ್ಲ. 1909ರ ಮೊದಲ ಪುಸ್ತಕದಲ್ಲೇ ವರ್ಣಿತವಾದ ಮೌನದ ಆಟವನ್ನು ನೋಡಿ. ನಾಲ್ಕು ತಿಂಗಳ ಕೂಸೊಂದನ್ನು ತರಗತಿಗೆ ತಂದು, ಅದರಷ್ಟು ಸದ್ದಿಲ್ಲದೆ ಇರಬಲ್ಲಿರಾ ಎಂದು ಮಕ್ಕಳನ್ನು ಕೇಳಿದ ಪ್ರಸಂಗದಿಂದ ಬಂದ ಆಟವದು. ಆಮೇಲೆ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಕರೆಸಿಕೊಂಡವರು ಸಪ್ಪಳವಿಲ್ಲದೆ ಎದ್ದು ಬರುತ್ತಾರೆ. ಕೋಣೆಯ ಮೌನವನ್ನು ಯಾವ ಮಗುವೂ ಒಬ್ಬಂಟಿಯಾಗಿ ಸಾಧಿಸಲಾರದು, ಯಾವ ಮಗು ಬೇಕಾದರೂ ಕೆಡಿಸಬಲ್ಲದು. ಕೂಡಿ ಮಾಡುವ ಕೆಲಸಕ್ಕೆ ಇದಕ್ಕಿಂತ ಬಿಗಿಯಾದ ಮಾದರಿ ಬೇಕೆ? ಕಿಲ್‌ಪ್ಯಾಟ್ರಿಕ್ ಅವರ ಪರವಾಗಿ ಇದು ಶಿಕ್ಷಕಿ ನಡೆಸುವ ಆಟ, ಮಕ್ಕಳು ತಾವಾಗಿ ಹೂಡಿದ್ದಲ್ಲ ಎನ್ನಬಹುದು. ಆ ಮಾತನ್ನು ಒಪ್ಪುತ್ತೇನೆ. ಸಹಕಾರದ ಅವರ ಅಳತೆಗೋಲಿನಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ ಎಂಬುದಷ್ಟೇ ನನ್ನ ದೂರು.

ಇಲ್ಲಿಗೆ ಮೊದಲ ಅರ್ಧ ಮುಗಿಯಿತು. ಎರಡನೆಯದು ಕಷ್ಟದ್ದು. ತರಗತಿಯ ಈ ಶಿಸ್ತೇ ಶಾಂತಿ ಶಿಕ್ಷಣವಾಗಿದ್ದರೆ, ಅದೇ ತರಗತಿ ಮುಸೊಲಿನಿಗೆ ಯಾಕೆ ಹಿಡಿಸಿತು? 1924ರಿಂದ ಸುಮಾರು ಹತ್ತು ವರ್ಷ ಆ ಸರ್ಕಾರ ಈ ಶಾಲೆಗಳಿಗೆ ಬೆಂಬಲವಾಗಿ ನಿಂತಿತು, ಅದನ್ನು ಮಾಂಟೆಸ್ಸೊರಿ ಸ್ವೀಕರಿಸಿದರು. ಮಕ್ಕಳು ಸಾಲಾಗಿ ಬಟ್ಟಲು ಹೊತ್ತು ಊಟ ಬಡಿಸುವ ಅಚ್ಚುಕಟ್ಟು ಯಾವ ಸರ್ವಾಧಿಕಾರಿಗೆ ಬೇಡ? ಒಂದೇ ಗೋಪುರವಿರುವ ಕೋಣೆ ತಾಳ್ಮೆ ಕಲಿಸಬಹುದು, ಬಲಿಷ್ಠನ ಯಜಮಾನಿಕೆಯನ್ನೂ ಕಲಿಸಬಹುದು. ವಸ್ತುವಿನ ಏರ್ಪಾಡು ತಾನಾಗಿ ಯಾವ ಕಡೆಗೂ ವಾಲುವುದಿಲ್ಲ.

ವಾಲಿಸುವುದು ಹಿರಿಯರು. 1909ರ ಪುಸ್ತಕದಲ್ಲಿ ಮಕ್ಕಳ ಮನೆಯ ನಿಯಮಾವಳಿ ಅಚ್ಚಾಗಿದೆ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಪ್ರವೇಶ. ಮೈ ತೊಳೆಯದೆ ಬಂದವರನ್ನು, ತಿದ್ದಲಾಗದವರನ್ನು, ತಾಯ್ತಂದೆ ಮರ್ಯಾದೆ ತಪ್ಪಿದರೆ ಅವರ ಮಕ್ಕಳನ್ನು ಹೊರಗೆ ಕಳಿಸಬಹುದು. ತಾಯಿ ವಾರಕ್ಕೊಮ್ಮೆಯಾದರೂ ಶಿಕ್ಷಕಿಯನ್ನು ಕಂಡು ಮಾತಾಡಬೇಕು. ಇದು ಮನೆಮಾಲೀಕನ ದನಿ. ಇದರ ಪಕ್ಕದಲ್ಲಿ 1932ರ ಜಿನೀವಾ ಉಪನ್ಯಾಸವನ್ನಿಟ್ಟರೆ ದನಿಯ ಬದಲಾವಣೆ ಎದ್ದು ಕಾಣುತ್ತದೆ. ಯುದ್ಧ ನಿಂತ ಮಾತ್ರಕ್ಕೆ ಅದು ಶಾಂತಿಯಲ್ಲ ಎಂದು ಹೇಳುತ್ತಾ, ಹಿರಿಯರಿಗೂ ಮಗುವಿಗೂ ನಡೆಯುವ ಹೋರಾಟವನ್ನು ಅವರು ಯುದ್ಧದ ಮೂಲದಲ್ಲಿ ಇಡುತ್ತಾರೆ. ತಾನಾಗಿ ಏನನ್ನೂ ಮಾಡಲು ಬಿಡದೆ ಬೆಳೆಸಿದ ಮಗು ಮುಂದೆ ಯಾರ ಹಿಂದೆ ಬೇಕಾದರೂ ಹೋಗುತ್ತದೆ ಎಂಬುದು ಅಲ್ಲಿನ ವಾದದ ಹುರಿ. ಕಟಕಟೆಯಲ್ಲಿ ಈಗ ನಿಂತಿರುವವರು ಹಿರಿಯರು.

ನನ್ನ ಪ್ರಕಾರ 1930ರ ದಶಕ ತಂದ ಹೊಸತು ಇದೇ. ಮಕ್ಕಳ ನಡುವಿನ ಸಮುದಾಯ ಜೀವನ ಆಗಲೇ ಇತ್ತು. ಅದು ಶಾಂತಿ ಶಿಕ್ಷಣವಾದದ್ದು, ಅಧಿಕಾರ ಹೊಂದಿದ ಹಿರಿಯರು ಕೈ ಹಿಂತೆಗೆಯಬೇಕು ಎಂಬ ಬೇಡಿಕೆ ಸೇರಿದಾಗ. ಗೋಪುರಕ್ಕಾಗಿ ಇಬ್ಬರು ಮಕ್ಕಳು ಎದುರುಬದುರು ನಿಂತಾಗ ಶಿಕ್ಷಕಿ, ನಮ್ಮ ಬೆಂಗಳೂರಿನ ಶಾಲೆಗಳ ‘ಆಂಟಿ’, ತೀರ್ಪು ಕೊಡಲು ಓಡಿ ಬರದೆ ತುಸು ತಡೆಯುವುದಿದೆಯಲ್ಲ, ಆ ತಡೆಯುವಿಕೆ ಸರ್ವಾಧಿಕಾರಿಗೆ ಪಥ್ಯವಾಗದ ಅಂಶ. ಇಷ್ಟು ದೊಡ್ಡ ಮಾತಿಗೆ ಮೂರು ಷರತ್ತು ಹಾಕಬೇಕು. ಶಿಕ್ಷಕಿ ಹಿಂದೆ ಸರಿಯಬೇಕೆಂಬ ಸೂಚನೆ 1909ರಲ್ಲೂ ಇದೆ, ಆದರೆ ಅಲ್ಲಿ ಅದು ವಿಜ್ಞಾನಿಯ ಅವಲೋಕನದ ಶಿಸ್ತಾಗಿ ಬರುತ್ತದೆ. 1917ರಲ್ಲೇ ಅವರು ಯುದ್ಧದಿಂದ ನೊಂದ ಮಕ್ಕಳಿಗಾಗಿ ‘ಬಿಳಿ ಶಿಲುಬೆ’ ಎಂಬ ಸಂಘಟನೆಯನ್ನು ಪ್ರಸ್ತಾಪಿಸಿದ್ದರು, ಹಾಗಾಗಿ ಯುದ್ಧದ ಚಿಂತೆ 1930ರಲ್ಲಿ ಹುಟ್ಟಿದ್ದಲ್ಲ. ಜಿನೀವಾ ಉಪನ್ಯಾಸ ಮುಸೊಲಿನಿ ಸರ್ಕಾರದೊಡನೆ 1934ರಲ್ಲಾದ ಪೂರ್ಣ ಬಿರುಕಿಗಿಂತ ಎರಡು ವರ್ಷ ಹಿಂದಿನದು. ಸಂಬಂಧ ಮುರಿದ ಮೇಲೆ ಶಾಂತಿ ಹೊಳೆಯಿತು ಎಂಬ ಕಥೆಗೆ ಇದು ಅಡ್ಡ ಬರುತ್ತದೆ, ಆದರೆ 1932ರ ಹೊತ್ತಿಗೇ ಸಂಬಂಧ ಹಳಸತೊಡಗಿತ್ತು ಎಂಬುದನ್ನೂ ಮರೆಯಬಾರದು.

ಭಾರತದ ಓದುಗರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ಜಿನೀವಾಕ್ಕೆ ಒಂದು ವರ್ಷ ಮೊದಲು, 1931ರ ಅಕ್ಟೋಬರ್‌ನಲ್ಲಿ, ಗಾಂಧೀಜಿ ಲಂಡನ್ನಿನ ಮಾಂಟೆಸ್ಸೊರಿ ತರಬೇತಿ ಕಾಲೇಜಿನಲ್ಲಿ ಮಾತಾಡಿ, ನಿಜವಾದ ಶಾಂತಿಯ ಕೆಲಸ ಮಕ್ಕಳಿಂದಲೇ ಮೊದಲಾಗಬೇಕೆಂದರು. ಅಲ್ಲಿಂದ ಜಿನೀವಾಕ್ಕೆ ಗೆರೆ ಎಳೆಯುವುದು ಸುಲಭ. ಕಾಲದ ಸಾಮೀಪ್ಯವೊಂದೇ ಪ್ರಭಾವದ ಪುರಾವೆಯಲ್ಲವಾದ್ದರಿಂದ ನಾನು ಎಳೆಯುವುದಿಲ್ಲ. ಹೆಚ್ಚು ಗಟ್ಟಿಯಾದ ನಂಟು ಆಮೇಲಿನದು. 1939ರ ನವೆಂಬರ್‌ನಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಅಡ್ಯಾರಿಗೆ ಬಂದ ಅವರು ಸುಮಾರು 300 ಮಂದಿಗೆ ತರಬೇತಿ ಕೊಟ್ಟರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ತಾಯಿ ಮಗ ಇಬ್ಬರೂ ಶತ್ರುದೇಶದವರಾದರು. ಮಗ ಮಾರಿಯೊ ಬಂಧನದಿಂದ ಮರಳಿದ್ದು ಆ ಆಗಸ್ಟ್ 31ಕ್ಕೆ, ತಾಯಿಯ 70ನೆಯ ಹುಟ್ಟುಹಬ್ಬಕ್ಕೆ. ಮುಂದೆ ಕೊಡೈಕೆನಾಲ್‌ನಲ್ಲಿ ಬೇರೆ ಬೇರೆ ದೇಶ ಮತ್ತು ವಯಸ್ಸಿನ ಮಕ್ಕಳು ಒಂದೇ ಶಾಲೆಯಲ್ಲಿ ಕೂಡಿದ್ದನ್ನು ಅವರು ಹತ್ತಿರದಿಂದ ಕಂಡರು. ಮಕ್ಕಳ ಸಮಾಜದ ಬಗ್ಗೆ ಅವರ ಅತ್ಯಂತ ಬಿಚ್ಚುಮನಸ್ಸಿನ ಬರವಣಿಗೆ ಈ ವರ್ಷಗಳ ಬೆನ್ನಿಗೇ ಬಂದದ್ದು ಕಾಕತಾಳೀಯವೆಂದು ನನಗನಿಸುವುದಿಲ್ಲ.

ಈಚಿನ ಸಾಕ್ಷ್ಯವೂ ಒಂದಿದೆ. ಏಂಜಲೀನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಮಿಲ್ವಾಕಿ ನಗರದ ಒಂದು ಸರ್ಕಾರಿ ಮಾಂಟೆಸ್ಸೊರಿ ಶಾಲೆಯದು. ಚೀಟಿ ಎತ್ತಿ ಪ್ರವೇಶ ಸಿಕ್ಕ 59 ಮಕ್ಕಳನ್ನು, ಸಿಗದೆ ಬೇರೆ ಶಾಲೆಗಳಿಗೆ ಹೋದ 53 ಮಕ್ಕಳೊಡನೆ ಹೋಲಿಸಿದರು. ಉಯ್ಯಾಲೆಯನ್ನು ಬಿಟ್ಟುಕೊಡದ ಮಗುವಿನ ಕಥೆಯಂಥವನ್ನು ಹೇಳಿ ಏನು ಮಾಡುತ್ತೀ ಎಂದು ಐದು ವರ್ಷದವರನ್ನು ಕೇಳಿದಾಗ, ನ್ಯಾಯದ ಮಾತೆತ್ತಿ ಒಲಿಸುವ ಉತ್ತರಗಳು ಮಾಂಟೆಸ್ಸೊರಿ ಮಕ್ಕಳಲ್ಲಿ ಶೇಕಡಾ 43, ಉಳಿದವರಲ್ಲಿ 18. ಹನ್ನೆರಡರ ಮಕ್ಕಳಲ್ಲಿ ಶಾಲೆ ತಮ್ಮ ಸಮುದಾಯವೆಂಬ ಭಾವ ಹೆಚ್ಚಿತ್ತು. ಒಂದು ಉಯ್ಯಾಲೆ, ಇಬ್ಬರು ಮಕ್ಕಳು: ಗೋಪುರದ ಪ್ರಶ್ನೆಯೇ ಬಯಲಿಗೆ ಬಂದಂತಿದೆ. ಆದರೂ ಇದು ಒಂದೇ ಶಾಲೆಯ ಮಾತು. ಒಂಟಿ ವಸ್ತು, ಬೆರೆತ ವಯಸ್ಸು, ಶಿಕ್ಷಕಿಯ ಸಂಯಮ, ಇವುಗಳಲ್ಲಿ ಯಾವುದರ ಫಲ ಯಾವುದು ಎಂದು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ. ಅಮೆರಿಕದ ಶಾಲೆಗಳಲ್ಲಿ ಈಚೆಗೆ ರೂಢಿಯಾದ ‘ಶಾಂತಿ ಮೇಜು’, ಜಗಳವಾಡಿದವರು ಹೂವು ಹಿಡಿದು ಸರದಿಯಲ್ಲಿ ಮಾತಾಡುವ ಕ್ರಮ, ಮಾಂಟೆಸ್ಸೊರಿ ಅವರ ಕಾಲದ ನಂತರದವು. ಅವು ಶಿಕ್ಷಕಿಯ ಕೈಯನ್ನು ಹಿಂದೆ ಸರಿಸುತ್ತವೆಯೋ ಸದ್ದಿಲ್ಲದೆ ಮುಂದೆ ತರುತ್ತವೆಯೋ ಎಂಬುದು ನೋಡಬೇಕಾದ ಸಂಗತಿ.

ಎರಡು ಕೆಲಸ ಬಾಕಿ ಇವೆ. 1907ರಿಂದ 1914ರವರೆಗೆ ಶಾಲೆಗಳು ಪರಿಕರಗಳನ್ನು ಎಷ್ಟೆಷ್ಟು ಜೊತೆ ತರಿಸಿಕೊಂಡವು ಎಂಬುದು, ಅವುಗಳನ್ನು ತಯಾರಿಸುತ್ತಿದ್ದ ಮಿಲಾನಿನ ಉಮಾನಿತಾರಿಯಾ ಸಂಘದಂಥ ಕಡೆಯ ಲೆಕ್ಕಪತ್ರಗಳಿಂದ ತೀರ್ಮಾನವಾಗಬೇಕು. ಒಂದೊಂದು ತರಗತಿಗೆ ಎರಡು ಮೂರು ಜೊತೆ ಹೋಗಿದ್ದರೆ ಕೈಪಿಡಿಯ ಪಟ್ಟಿಯಿಂದ ನಾನು ಕಟ್ಟಿದ ವಾದ ಸಡಿಲವಾಗುತ್ತದೆ. ಇನ್ನೊಂದು ನಮ್ಮ ನೆಲದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಗೆ ಮಾಂಟೆಸ್ಸೊರಿ ಮೂಲವಲ್ಲ, ಅದು ಋಷಿ ವ್ಯಾಲಿಯ ಪ್ರಯೋಗದಿಂದ ಕಲಿತದ್ದು. ಆದರೆ ಬೆರೆತ ವಯಸ್ಸಿನ ಮಕ್ಕಳು, ಹಂಚಿಕೊಳ್ಳಬೇಕಾದ ಕಾರ್ಡುಗಳು, ಒಬ್ಬರೇ ಶಿಕ್ಷಕರು ಅಲ್ಲೂ ಇದ್ದಾರೆ. ಕಾರ್ಡಿಗಾಗಿ ಇಬ್ಬರು ಕೈಚಾಚಿದಾಗ ಆ ಕೋಣೆಗಳಲ್ಲಿ ಏನಾಗುತ್ತದೆ, ಮೇಷ್ಟ್ರು ಎಷ್ಟು ಹೊತ್ತಿಗೆ ನಡುವೆ ಬರುತ್ತಾರೆ ಎಂಬುದನ್ನು ಮಾಂಟೆಸ್ಸೊರಿ ಶಾಲೆಗಳ ಜೊತೆಗಿಟ್ಟು ಅಳೆದರೆ, ಮೇಲೆ ಒಟ್ಟಾಗಿ ನಿಂತಿರುವ ಮೂರು ಕಾರಣಗಳಲ್ಲಿ ಕೊನೆಯ ಒಂದನ್ನಾದರೂ ಬೇರ್ಪಡಿಸಲು ಸಾಧ್ಯವಾಗಬಹುದು.