ಜಾಯ್ ಡಿವಿಷನ್ ಮೇಳದ ಧ್ವನಿಮುದ್ರಿಕೆಗಳು: ಕಾಲಾನುಕ್ರಮದ ವಿಚಾರ

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1976ರಲ್ಲಿ ಮೊಳೆತು 1980ರಲ್ಲಿ ಮುಗಿದ ಜಾಯ್ ಡಿವಿಷನ್ ಎಂಬ ಸಂಗೀತಮೇಳವು ಸ್ಟುಡಿಯೋದಲ್ಲಿ ಸಿದ್ಧಪಡಿಸಿದ ಆಲ್ಬಂಗಳು ಎರಡೇ. ಆದರೂ ಅದರ ಹೆಸರಿನಲ್ಲಿ ದೊರೆಯುವ ಮುದ್ರಿಕೆಗಳು ಕಪಾಟನ್ನೇ ತುಂಬುವಷ್ಟಿವೆ. ಇವುಗಳಲ್ಲಿ ಬಹುಭಾಗವು ಹೊರಬಂದದ್ದು ಗಾಯಕ ಇಯಾನ್ ಕರ್ಟಿಸನು 1980ರ ಮೇ 18ರಂದು, ತನ್ನ 23ನೆಯ ವಯಸ್ಸಿನಲ್ಲಿ, ಅಮೆರಿಕದ ಪ್ರವಾಸಕ್ಕೆ ಹೊರಡಬೇಕಾಗಿದ್ದ ಹಿಂದಿನ ದಿನ, ಆತ್ಮಹತ್ಯೆ ಮಾಡಿಕೊಂಡ ಅನಂತರ. ಇದರಿಂದ ಒಂದು ತೊಡಕು ಹುಟ್ಟಿದೆ. ಕೇಳುಗರು ಮೊದಲು ಮರಣವನ್ನು ತಿಳಿದು ಬಳಿಕ ಹಾಡನ್ನು ಕೇಳುತ್ತಾರೆ. ಹಾಡೆಲ್ಲವೂ ಮರಣದ ಮುನ್ಸೂಚನೆಯಂತೆ ತೋರುತ್ತದೆ. ಪ್ರಕಟವಾದ ಕಾಲವನ್ನು ಬದಿಗಿಟ್ಟು ಮುದ್ರಣಗೊಂಡ ಕಾಲವನ್ನು ಹಿಡಿದು ನೋಡಿದರೆ ಚಿತ್ರವು ಬೇರೆಯಾಗುವುದೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಪಂಕ್ ಎಂಬ ಸಂಗೀತಪಂಥವು ಪಾಂಡಿತ್ಯವನ್ನು ತಿರಸ್ಕರಿಸಿ, ಮೂರೇ ಸ್ವರಮೇಳಗಳಿದ್ದರೂ ಸಾಕು, ಅಬ್ಬರವಿದ್ದರಾಯಿತು ಎಂದು ಹೊರಟಿದ್ದುದು. 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಸೆಕ್ಸ್ ಪಿಸ್ಟಲ್ಸ್ ಮೇಳದ ಕಚೇರಿಯನ್ನು ಕೇಳಿ ಬಂದ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಎಂಬ ಗೆಳೆಯರು ತಾವೂ ವಾದ್ಯ ಹಿಡಿದರು. ಕರ್ಟಿಸನೂ ಡ್ರಮ್ ವಾದಕ ಸ್ಟೀಫನ್ ಮಾರಿಸನೂ ಮುಂದೆ ಸೇರಿಕೊಂಡರು. ಮೊದಲಿಗೆ ವಾರ್ಸಾ ಎಂದಿದ್ದ ಮೇಳದ ಹೆಸರು 1978ರ ಆರಂಭದಲ್ಲಿ ಬದಲಾಯಿತು. ಇವರ ಮೊದಲ ತಟ್ಟೆ 'ಆ್ಯನ್ ಐಡಿಯಲ್ ಫಾರ್ ಲಿವಿಂಗ್'. 1977ರ ಡಿಸೆಂಬರಿನಲ್ಲಿ ಓಲ್ಡಮ್ ಊರಿನ ಸ್ಟುಡಿಯೋದಲ್ಲಿ ಮುದ್ರಿತವಾದ ಇದರ ನಾಲ್ಕು ಹಾಡುಗಳನ್ನು ಮೇಳದವರೇ 1978ರ ಜೂನಿನಲ್ಲಿ ಹೊರತಂದರು. ಇದರಲ್ಲಿ ಪಂಕ್ ಅಬ್ಬರವನ್ನು ಮೀರಿದ್ದು ಹೆಚ್ಚೇನೂ ಇಲ್ಲ. 1978ರ ಮೇ ತಿಂಗಳಲ್ಲಿ ಒಂದು ಇಡೀ ಆಲ್ಬಮ್ಮನ್ನೇ ಮುದ್ರಿಸಿ, ಫಲಿತಾಂಶ ಒಪ್ಪಿಗೆಯಾಗದೆ ಕೈಬಿಟ್ಟರು. ಅದು ಕಳ್ಳಮುದ್ರಣಗಳಲ್ಲಿ ಓಡಾಡಿ, 1994ರಲ್ಲಷ್ಟೇ ಕ್ರಮಬದ್ಧವಾಗಿ ಬೆಳಕು ಕಂಡಿತು. ಕೈಬಿಟ್ಟ ಈ ಪ್ರತಿಯು ಚರಿತ್ರಕಾರನಿಗೆ ಬಹು ಉಪಯುಕ್ತ. ಒಂದೇ ವರ್ಷದಲ್ಲಿ ಮೇಳವು ಎಷ್ಟು ದೂರ ನಡೆಯಿತೆಂಬುದನ್ನು ಅಳೆಯುವ ಕೋಲು ಇದೇ.

ಆ ನಡಿಗೆಯ ಕಾರಣಪುರುಷನು ಮಾರ್ಟಿನ್ ಹ್ಯಾನೆಟ್. ಟೋನಿ ವಿಲ್ಸನ್ ಮೊದಲಾದವರು ಸ್ಥಾಪಿಸಿದ ಫ್ಯಾಕ್ಟರಿ ಸಂಸ್ಥೆಗಾಗಿ 1978ರ ಅಕ್ಟೋಬರಿನಲ್ಲಿ ರೋಚ್‌ಡೇಲಿನಲ್ಲಿ ಎರಡು ಹಾಡುಗಳನ್ನೂ, 1979ರ ಏಪ್ರಿಲಿನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಹತ್ತು ಹಾಡುಗಳ 'ಅನ್‌ನೋನ್ ಪ್ಲೆಷರ್ಸ್' ಆಲ್ಬಮ್ಮನ್ನೂ ಈತನು ಮುದ್ರಿಸಿದನು. ವೇದಿಕೆಯ ಗದ್ದಲವನ್ನು ಯಥಾವತ್ತಾಗಿ ಹಿಡಿಯುವುದು ಇವನಿಗೆ ಬೇಕಿರಲಿಲ್ಲ. ಡ್ರಮ್ಮುಗಳನ್ನು ಬಿಡಿಬಿಡಿಯಾಗಿ ನುಡಿಸಹೇಳಿ, ಒಂದರ ನಾದ ಇನ್ನೊಂದಕ್ಕೆ ಬೆರೆಯದಂತೆ ನೋಡಿಕೊಂಡನು; ನಾದವನ್ನು ಕ್ಷಣಾಂಶ ತಡೆದು ಮರಳಿಸುವ ಡಿಜಿಟಲ್ ಯಂತ್ರದಿಂದ ಪ್ರತಿಯೊಂದು ಪೆಟ್ಟಿಗೂ ನೆರಳು ಕೊಟ್ಟನು; ಗಾಜು ಒಡೆಯುವ ಸದ್ದನ್ನೂ ಹಾಡಿನೊಳಕ್ಕೆ ತಂದನು. ಇದರಿಂದ ಬೇಸ್ ಗಿಟಾರಿನ ಮೇಲ್‌ಸ್ಥಾಯಿಯ ರಾಗರೇಖೆಯೇ ಮುಂದೆ ನಿಂತು, ಗಿಟಾರು ಹಿಂದೆ ಸರಿಯಿತು. ಸಮ್ನರ್, ಹುಕ್ ಇಬ್ಬರಿಗೂ ತಮ್ಮ ಹಾಡಿನ ಕಾವೆಲ್ಲ ಆರಿಹೋಯಿತೆಂಬ ಅತೃಪ್ತಿ ಇದ್ದಿತು. ಅವರ ದೂರು ನಿರಾಧಾರವಲ್ಲ. ಕಚೇರಿಗಳ ಮುದ್ರಣಗಳನ್ನು ಕೇಳಿದವರಿಗೆ ಇದು ತಿಳಿದೀತು. ಆದರೆ ಮುಂದೆ ಜನರು ಈ ಮೇಳದ ಏಕಾಂತವೆಂದೂ ವಿಷಾದವೆಂದೂ ಬಣ್ಣಿಸಿದ ಗುಣದಲ್ಲಿ ಒಂದು ದೊಡ್ಡ ಪಾಲು ಕರ್ಟಿಸನ ಮನಸ್ಸಿನಿಂದಲ್ಲ, ಹ್ಯಾನೆಟನ ಯಂತ್ರಗಳಿಂದ ಬಂದದ್ದೆಂಬುದನ್ನು ಮರೆಯಬಾರದು.

ಕಾಲಾನುಕ್ರಮದ ಪ್ರಶ್ನೆಯು ಮೊನಚಾಗುವುದು 'ಅಟ್‌ಮಾಸ್ಫಿಯರ್' ಹಾಡಿನಲ್ಲಿ. ಶವಯಾತ್ರೆಯ ಗತಿಯುಳ್ಳ ಈ ಹಾಡನ್ನು ಇಂದು ಕೇಳುವವರು ಕರ್ಟಿಸನ ಚರಮಗೀತೆಯೆಂದೇ ಭಾವಿಸುತ್ತಾರೆ. ಇದು ಮುದ್ರಿತವಾದದ್ದು 1979ರ ಅಕ್ಟೋಬರಿನಲ್ಲಿ. 1980ರ ಮಾರ್ಚಿನಲ್ಲಿ ಫ್ರಾನ್ಸಿನ ಒಂದು ಸಣ್ಣ ಸಂಸ್ಥೆಯು ಕೇವಲ 1578 ಪ್ರತಿಗಳನ್ನು ಹೊರಡಿಸಿತು. ಬಹುಜನರಿಗೆ ಇದು ದೊರೆತದ್ದು ಅದೇ ವರ್ಷ, ಗಾಯಕನು ಇಲ್ಲವಾದ ಮೇಲೆ, ಫ್ಯಾಕ್ಟರಿಯ ಮರುಮುದ್ರಣದಿಂದ. ಹಾಡು ಬದಲಾಗಲಿಲ್ಲ, ಕೇಳುವ ಸಂದರ್ಭ ಬದಲಾಯಿತು. 'ಕ್ಲೋಸರ್' ಆಲ್ಬಮ್ಮಿನ ಗತಿಯೂ ಇದೇ. ಅದರ ಒಂಬತ್ತು ಹಾಡುಗಳು 1980ರ ಮಾರ್ಚಿನಲ್ಲಿ ಲಂಡನ್ನಿನ ಬ್ರಿಟಾನಿಯ ರೋ ಸ್ಟುಡಿಯೋದಲ್ಲಿ ಮುದ್ರಣಗೊಂಡವು, ಪ್ರಕಟವಾದದ್ದು ಜುಲೈನಲ್ಲಿ. ಹೊದಿಕೆಯ ಮೇಲಿರುವ, ಇಟಲಿಯ ಜಿನೋವಾ ನಗರದ ಸ್ಮಶಾನದ ಸಮಾಧಿಶಿಲ್ಪವನ್ನು ಕಂಡು, ದುರಂತವನ್ನು ಸರಕಾಗಿಸಿದರೆಂದು ಶಂಕಿಸುವುದು ಸಹಜ. ಆದರೆ ಆ ಚಿತ್ರದ ಆಯ್ಕೆ ಮರಣಕ್ಕೆ ಮುಂಚಿನದು. ಈ ತಾರೀಖೊಂದೇ ಆ ಆಪಾದನೆಯನ್ನು ತಳ್ಳಿಹಾಕಲು ಸಾಕು.

ಪಾಠಾಂತರಗಳನ್ನೂ ಉಪೇಕ್ಷಿಸಲಾಗದು. 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಎಂಬ ಪ್ರಸಿದ್ಧ ಹಾಡನ್ನು 1979ರ ನವೆಂಬರಿನಲ್ಲಿ ಬಿ.ಬಿ.ಸಿ.ಯ ಜಾನ್ ಪೀಲನ ರೇಡಿಯೋ ಕಾರ್ಯಕ್ರಮಕ್ಕಾಗಿ ನುಡಿಸಿದರು. ಅನಂತರ 1980ರ ಜನವರಿಯಲ್ಲಿ ಓಲ್ಡಮ್ಮಿನಲ್ಲಿ ಮುದ್ರಿಸಿದರು. ಮಾರ್ಚಿನಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಮತ್ತೆ ಮುದ್ರಿಸಿದರು. ಹೃದಯದಿಂದ ಒಮ್ಮೆಗೇ ಉಕ್ಕಿಬಂದ ಅಳಲೆಂದು ಹೊಗಳಲ್ಪಡುವ ಕೃತಿಯ ಹಿಂದೆ ಇಂಥ ತಿದ್ದಾಟದ ಶ್ರಮವಿದೆ. 'ಶೀಸ್ ಲಾಸ್ಟ್ ಕಂಟ್ರೋಲ್' ಹಾಡಿಗೂ 1979ರ ಪಾಠವೊಂದು, ಹೆಚ್ಚಿನ ಪದ್ಯವುಳ್ಳ 1980ರ ಪಾಠವೊಂದು ಇವೆ. ಕರ್ಟಿಸನು ಮೂರ್ಛೆರೋಗದಿಂದ ನರಳಿದ್ದು ನಿಜ. ಆದುದರಿಂದ ಇದನ್ನು ಆತ್ಮಚರಿತ್ರೆಯೆಂದು ಓದುವವರುಂಟು. ಆದರೆ ಹಾಡಿಗೆ ಮೂಲ, ಮ್ಯಾಕಲ್ಸ್‌ಫೀಲ್ಡಿನ ಉದ್ಯೋಗ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ ಅವನು ಕಂಡ, ಅದೇ ರೋಗವಿದ್ದ ಒಬ್ಬ ಹೆಣ್ಣುಮಗಳು. ಪರರ ನೋವನ್ನು ನೋಡಿ ಬರೆಯಬಲ್ಲ ಕವಿಯನ್ನು ತನ್ನ ನೋವನ್ನಷ್ಟೇ ತೋಡಿಕೊಂಡವನೆಂದು ಕುಗ್ಗಿಸುವುದು ನ್ಯಾಯವಲ್ಲ.

ಮರಣೋತ್ತರ ಸಂಕಲನಗಳಲ್ಲಿ 1981ರ 'ಸ್ಟಿಲ್' ಮಾತ್ರ ವಿಶೇಷವಾಗಿ ಗಮನಾರ್ಹ. 1988ರ 'ಸಬ್‌ಸ್ಟೆನ್ಸ್', 1997ರ 'ಹಾರ್ಟ್ ಅಂಡ್ ಸೋಲ್' ಅಭ್ಯಾಸಿಗಳಿಗೆ ಅನುಕೂಲದ ಕೋಶಗಳು. 'ಸ್ಟಿಲ್'ನಲ್ಲಿ 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಕೊನೆಯ ಕಚೇರಿಯ ಮುದ್ರಣವಿದೆ. ಅಂದು ಹಾಡಿದ 'ಸೆರಮನಿ' ಆಗಿನ್ನೂ ಹೊಸದು. ಅದನ್ನು ಉಳಿದ ಮೂವರು, ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ, 1981ರಲ್ಲಿ ತಮ್ಮ ಮೊದಲ ತಟ್ಟೆಯಾಗಿ ಹೊರತಂದರು. ಹೀಗಾಗಿ ಆ ಒಂದು ಹಾಡನ್ನು ಎರಡು ಮೇಳಗಳ ಪಟ್ಟಿಯಲ್ಲಿಯೂ ನಮೂದಿಸಬೇಕಾಗುತ್ತದೆ.