ಗೂಗಲ್ ಹುಟ್ಟಿದ್ದು ಗ್ಯಾರೇಜಿನಲ್ಲೇ?

ಇಬ್ಬರು ಹುಡುಗರು, ಒಂದು ಗ್ಯಾರೇಜು, ಕೆಲವು ಕಂಪ್ಯೂಟರುಗಳು. ಗೂಗಲ್ ಹೀಗೆ ಹುಟ್ಟಿತು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಗ್ಯಾರೇಜು ಇದ್ದದ್ದು ನಿಜ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಮುಖ್ಯವಾದ ಕೆಲಸ ಬೇರೆ ಕಡೆ ಆಗಿಹೋಗಿತ್ತು.

ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು. ಭೇಟಿಯಾದದ್ದು 1995ರಲ್ಲಿ. ಮರುವರ್ಷ ಅವರು ಕಟ್ಟಿದ ಹುಡುಕಾಟ ವ್ಯವಸ್ಥೆಯ ಹೆಸರು ಬ್ಯಾಕ್‌ರಬ್. ಆಗಿನ ಸರ್ಚ್ ಎಂಜಿನ್‌ಗಳು ಹೆಚ್ಚಾಗಿ ನೋಡುತ್ತಿದ್ದುದು, ಹುಡುಕಿದ ಪದ ಪುಟದಲ್ಲಿ ಎಷ್ಟು ಸಲ, ಎಲ್ಲೆಲ್ಲಿ ಬಂದಿದೆ ಎಂಬುದನ್ನು. ಹಾಗಾಗಿ ಒಂದೇ ಪದವನ್ನು ನೂರು ಸಲ ತುರುಕಿದ ಪುಟವೂ ಮೇಲೇರಿ ಕೂರಬಹುದಿತ್ತು. ಇವರು ಕೇಳಿದ ಪ್ರಶ್ನೆ ಬೇರೆ: ಈ ಪುಟಕ್ಕೆ ಯಾರ್‍ಯಾರು ಲಿಂಕ್ ಕೊಟ್ಟಿದ್ದಾರೆ? ಸಂಶೋಧನಾ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ನೋಡಿ ಅದರ ತೂಕ ಅಳೆಯುವ ಹಾಗೆ. ಎಲ್ಲ ಲಿಂಕಿಗೂ ಒಂದೇ ಬೆಲೆಯಲ್ಲ. ತೂಕದ ಪುಟ ಕೊಟ್ಟ ಲಿಂಕಿಗೆ ಬೆಲೆ ಜಾಸ್ತಿ. ಆದರೆ ಅದು ಸಿಕ್ಕಸಿಕ್ಕವರಿಗೆಲ್ಲ ಲಿಂಕ್ ಕೊಟ್ಟರೆ ಆ ತೂಕ ಹಂಚಿಹೋಗುತ್ತದೆ. ಇದೇ ಪೇಜ್‌ರ್‍ಯಾಂಕ್. ಇದರ ಪೇಟೆಂಟ್ ಸ್ಟ್ಯಾನ್‌ಫೋರ್ಡ್ ಹೆಸರಿನಲ್ಲಿತ್ತು. ಸಂಶೋಧನೆಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣವೂ ಇತ್ತು. ಗ್ಯಾರೇಜಿನ ಕಥೆ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

1ರ ಮುಂದೆ 100 ಸೊನ್ನೆ ಇರುವ ಸಂಖ್ಯೆ ಗೂಗೋಲ್. ಅದರಿಂದ ಬಂದ ಗೂಗಲ್ ಎಂಬ ಹೆಸರಿನಲ್ಲಿ 1997ರ ಸೆಪ್ಟೆಂಬರ್ 15ರಂದು ಜಾಲತಾಣದ ವಿಳಾಸ ನೋಂದಣಿಯಾಯಿತು. 1998ರ ಆಗಸ್ಟ್‌ನಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಸಹಸಂಸ್ಥಾಪಕ ಆಂಡಿ ಬೆಕ್ಟೋಲ್‌ಶೈಮ್ 1 ಲಕ್ಷ ಡಾಲರ್ ಚೆಕ್ ಬರೆದುಕೊಟ್ಟರು, ಅದೂ ಗೂಗಲ್ ಕಂಪನಿಯ ಹೆಸರಿಗೆ. ಅಂಥ ಕಂಪನಿಯೇ ಇರಲಿಲ್ಲ! ಸೆಪ್ಟೆಂಬರ್ 4ರಂದು ಕಂಪನಿ ನೋಂದಣಿಯಾಯಿತು. ಸೂಸನ್ ವೊಜ್ಸಿಕಿ ಅವರ ಗ್ಯಾರೇಜು ಬಾಡಿಗೆಗೆ ಬಂದದ್ದು ಈಗ. ಅಲ್ಲಿದ್ದದ್ದು ಕೆಲವೇ ತಿಂಗಳು. 1999ರಲ್ಲಿ ಪಾಲೊ ಆಲ್ಟೊ ಊರಿನ ಕಚೇರಿಗೆ ಹೋದರು. ಅದೇ ಜೂನ್‌ನಲ್ಲಿ 2.5 ಕೋಟಿ ಡಾಲರ್ ಬಂಡವಾಳ ಬಂತು.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೊಂದು ವಿಷಯ. ಇಬ್ಬರೂ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಬರೆದಿದ್ದರು. ಅದಕ್ಕೆ ಉದಾಹರಣೆಯನ್ನೂ ಕೊಟ್ಟಿದ್ದರು. ತಮ್ಮ ವ್ಯವಸ್ಥೆಯಲ್ಲಿ ಮೊಬೈಲ್ ಫೋನ್ ಎಂದು ಹುಡುಕಿದರೆ ಮೊದಲು ಬರುವುದು, ವಾಹನ ಓಡಿಸುವಾಗ ಫೋನಿನಲ್ಲಿ ಮಾತಾಡಿದರೆ ಗಮನ ತಪ್ಪುವ ಅಪಾಯದ ಬಗೆಗಿನ ಅಧ್ಯಯನ. ಫೋನ್ ಜಾಹೀರಾತಿಗೆ ಹಣ ಪಡೆಯುವವರು ಇದನ್ನು ಮೇಲೆ ತೋರಿಸುತ್ತಾರೆಯೇ?

ಎರಡೇ ವರ್ಷದಲ್ಲಿ, 2000ದ ಅಕ್ಟೋಬರ್‌ನಲ್ಲಿ, ಸುಮಾರು 350 ಗ್ರಾಹಕರೊಂದಿಗೆ ಗೂಗಲ್ಲಿನ ಆಡ್‌ವರ್ಡ್ಸ್ ಜಾಹೀರಾತು ಸೇವೆ ಶುರುವಾಯಿತು. 2004ರ ಆಗಸ್ಟ್ 19ರಂದು ಕಂಪನಿ ಷೇರುಪೇಟೆಗೆ ಬಂದಾಗ ಒಂದು ಷೇರಿಗೆ 85 ಡಾಲರ್. ಆಗ ಅದರ ಆದಾಯದ ಬಹುಪಾಲು ಜಾಹೀರಾತಿನದೇ.

ಈಗ ಕಾಯಿಲೆಯ ಹೆಸರನ್ನೋ ಮಾತ್ರೆಯ ಹೆಸರನ್ನೋ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವುದು ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಅದಕ್ಕೆ ‘ಪ್ರಾಯೋಜಿತ’ ಎಂಬ ಗುರುತು ಇರುತ್ತದೆ. ಅದರ ಕೆಳಗಿನ ಸಾಲುಗಳನ್ನು ಜೋಡಿಸಲು ಇಂದು ಲಿಂಕಿನ ಜೊತೆ ಇನ್ನೂ ಹಲವು ಲೆಕ್ಕಾಚಾರಗಳಿವೆ. ಆದರೆ ಪುಟದಲ್ಲಿ ಬರೆದಿರುವ ಔಷಧ ನಿಮ್ಮ ದೇಹಕ್ಕೆ ಒಗ್ಗುತ್ತದೆಯೇ ಎಂಬ ಲೆಕ್ಕ ಅದರಲ್ಲಿಲ್ಲ.